ಹಳೇ ಜೀನ್ಸಿಗೆ ಹೊಸ ಬಣ್ಣ: ಪೊಟ್ಟಣದ ಬಣ್ಣವೋ, ರಿಯಾಕ್ಟಿವ್ ಡೈಯೋ, ಬ್ರಷ್ಷೋ?

ಜೀನ್ಸ್ ಬಟ್ಟೆಯಲ್ಲಿ ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ಆ ನೀಲಿಯೂ ನೂಲಿನ ಮೇಲುಮೇಲಷ್ಟೇ. ಒಂದು ಎಳೆ ಕಿತ್ತು ಅಡ್ಡಕ್ಕೆ ಕತ್ತರಿಸಿ ನೋಡಿ, ನಡುವೆ ಬೆಳ್ಳಗಿರುತ್ತದೆ. ಮೊಣಕಾಲು, ತೊಡೆ ಸವೆದು ಬಿಳುಚುವುದು ಇದಕ್ಕೇ. ಇದರ ಮೇಲೆ ಹಳದಿ ಅದ್ದಿದರೆ ಹಸಿರಾಗುತ್ತದೆ, ಕೆಂಪು ಅದ್ದಿದರೆ ನೇರಳೆ, ಕಿತ್ತಳೆ ಅದ್ದಿದರೆ ಕೆಸರಿನ ಬಣ್ಣ. ಡೈಯ ಜಾತಿ ಯಾವುದಾದರೂ ಈ ಲೆಕ್ಕ ತಪ್ಪುವುದಿಲ್ಲ. ಒಂದೇ ಜೀನ್ಸಿನ ಕಾಲನ್ನು ತುಂಡು ಮಾಡಿ ಪೊಟ್ಟಣದ ಬಣ್ಣ, ರಿಯಾಕ್ಟಿವ್ ಡೈ, ಬ್ರಷ್ಷಿನ ಪೇಂಟ್ ಮೂರನ್ನೂ ಹಾಕಿ ನೋಡಿದರೆ ವ್ಯತ್ಯಾಸ ಹೀಗೆ ಕಾಣುತ್ತದೆ.

ಅಂಗಡಿಯಲ್ಲಿ ಸಿಗುವ ಕುದಿಸುವ ಪೊಟ್ಟಣದ ಬಣ್ಣ ಅಗ್ಗ, ಕೆಲಸವೂ ಮುಕ್ಕಾಲು ಗಂಟೆಯದು. ಆದರೆ ಅದು ಹತ್ತಿಗೆ ಅಂಟಿಕೊಂಡಿರುತ್ತದೆಯೇ ಹೊರತು ಬೆಸೆದುಕೊಳ್ಳುವುದಿಲ್ಲ. ಒಗೆದಾಗಲೆಲ್ಲ ಅಷ್ಟಷ್ಟು ಬಿಡುತ್ತದೆ. ಒದ್ದೆ ಬಿಳಿ ಕರ್ಚೀಫಿನಿಂದ ಉಜ್ಜಿದರೆ ಕಲೆ ಕೂರುತ್ತದೆ. ಇನ್ನೊಂದು ತೊಂದರೆ ಪಾತ್ರೆಯದು: ಪ್ಯಾಂಟು ಮಡಿಕೆ ಬೀಳದೆ ತಿರುಗಾಡುವಷ್ಟು ದೊಡ್ಡದು, ಮತ್ತೆ ಅಡುಗೆಗೆ ಬಳಸದಂಥದ್ದು ಬೇಕು. ಇಕ್ಕಟ್ಟಾದರೆ ಮಡಿಕೆ ಬಿದ್ದಲ್ಲೆಲ್ಲ ಪಟ್ಟೆ. ಮಾಸಿದ ಕಪ್ಪು ಜೀನ್ಸನ್ನು ಮತ್ತೆ ಕಪ್ಪು ಮಾಡಲು ಇದು ಸಾಕು, ಬೇರೆ ಬಣ್ಣಕ್ಕೆ ಬೇಡ.

ಇಡೀ ಪ್ಯಾಂಟಿನ ಬಣ್ಣ ಬದಲಿಸಬೇಕೆಂದರೆ ತಣ್ಣೀರಿನ, ಎಂದರೆ ಕುದಿಸಬೇಕಿಲ್ಲದ, ರಿಯಾಕ್ಟಿವ್ ಡೈಯೇ ಸರಿ. ಪ್ರೊಸಿಯಾನ್ ಹೆಸರಿನಲ್ಲಿ 1956ರಲ್ಲಿ ಮಾರುಕಟ್ಟೆಗೆ ಬಂದ ಜಾತಿ ಇದು. ಹತ್ತಿಯ ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆಯುತ್ತದೆ. ಒಣಗಿದಾಗ 600 ಗ್ರಾಂ ತೂಗುವ ಪ್ಯಾಂಟಿಗೆ 20 ಗ್ರಾಂ ಡೈ, 12 ಲೀಟರ್ ಉಗುರುಬೆಚ್ಚಗಿನ ನೀರು, 700 ಗ್ರಾಂ ಉಪ್ಪು, 100 ಗ್ರಾಂ ಸೋಡಾ ಆಶ್ (ನೀರಿನಂಶವಿಲ್ಲದ ವಾಷಿಂಗ್ ಸೋಡಾ ಪುಡಿ) ಬೇಕು. ಹರಳಿನ ವಾಷಿಂಗ್ ಸೋಡಾ ಆದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ 250 ಗ್ರಾಂ ಮೀರಬೇಕು. ಅಡುಗೆ ಸೋಡಾ ಇಲ್ಲಿ ಕೆಲಸಕ್ಕೆ ಬಾರದು. ಪುಡಿ ಕಲಸುವಾಗ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ.

ಒಗೆದು ಒದ್ದೆಯಾಗಿರುವ ಪ್ಯಾಂಟನ್ನು ಡೈ, ಉಪ್ಪು ಕರಗಿಸಿದ ನೀರಿಗೆ ಹಾಕಿ 20 ನಿಮಿಷ ಬಿಡದೆ ತಿರುವಿ. ಸೋಡಾವನ್ನು ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿಕೊಂಡು, ಪ್ಯಾಂಟನ್ನು ಪಕ್ಕಕ್ಕೆ ಸರಿಸಿ, ಮೂರು ಸಲ ಸ್ವಲ್ಪ ಸ್ವಲ್ಪವೇ ಸುರಿಯಿರಿ. ನೇರ ಬಟ್ಟೆಯ ಮೇಲೆ ಬಿದ್ದರೆ ಅಲ್ಲೊಂದು ಕಡುಮಚ್ಚೆ, ಮತ್ತೆ ಹೋಗುವುದಿಲ್ಲ. ಆಮೇಲೆ ಒಂದು ಗಂಟೆ, ಆಗಾಗ ತಿರುವುತ್ತಾ. ಅವಸರಕ್ಕೆ ಸೋಡಾವನ್ನು ಮೊದಲೇ ಡೈಗೆ ಬೆರೆಸಿಟ್ಟರೆ ಡೈ ನೀರಿನೊಂದಿಗೇ ಬೆಸೆದು ಸತ್ತುಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಣ್ಣ ಮಂಕು. ಮಳೆನೀರು ಹಿಡಿದಿಟ್ಟಿದ್ದರೆ ಇದಕ್ಕೇ ಬಳಸಿ. ಕೊನೆಗೆ ತಣ್ಣೀರಿನಲ್ಲಿ ಉಪ್ಪು, ಸೋಡಾ ಬಿಡುವವರೆಗೆ ಜಾಲಿಸಿ, ನಂತರ ಸೋಪು ಹಾಕಿದ ಬಿಸಿನೀರು. ಈ ಹಂತದಲ್ಲಿ ಧಾರಾಳವಾಗಿ ಬಣ್ಣ ಬಿಡುತ್ತದೆ, ಗಾಬರಿ ಬೇಡ. ಅಂಚಿನ ಹೊಲಿಗೆ ಮಾತ್ರ ಕಿತ್ತಳೆಯಾಗಿಯೇ ಉಳಿಯಬಹುದು: ಆ ದಾರ ಪಾಲಿಯೆಸ್ಟರ್.

ಬ್ರಷ್ಷಿನ ಫ್ಯಾಬ್ರಿಕ್ ಪೇಂಟ್ ಡೈಯಂತೆ ಪಾರದರ್ಶಕವಲ್ಲ. ಕೆಳಗೆ ಬಿಳಿ ಬಳಿದು ಒಣಗಿಸಿದರೆ ಕಡುನೀಲಿಯ ಮೇಲೂ ಹಳದಿ ಹಳದಿಯಾಗಿಯೇ ನಿಲ್ಲುತ್ತದೆ. ಒಂದು ದಿನ ಒಣಗಿಸಿ, ಹಿಂಭಾಗದಿಂದ ಇಸ್ತ್ರಿ ಹಾಕಿ, ಮೂರು ದಿನ ಒಗೆಯಬೇಡಿ. ಮೊಣಕಾಲಿನಲ್ಲಿ ಬಿರುಕು ಬಿಡುವುದು ಖಚಿತ. ಜಾಕೆಟ್ಟಿನ ಬೆನ್ನು, ಹಿಂಜೇಬು, ಜೀನ್ಸ್ ಚೀಲ, ಇಂಥ ಕಡೆ ಇದಕ್ಕೆ ಸಾಟಿ ಇಲ್ಲ.

ಗುಲಾಬಿಯನ್ನು ಗುಲಾಬಿಯಾಗಿಯೇ ಅದ್ದಬೇಕೆಂಬ ಹಟವಿದ್ದರೆ ಮೊದಲು ಬ್ಲೀಚ್. ಒಂದು ಪಾಲು ದ್ರವ ಬ್ಲೀಚಿಗೆ ಐದು ಪಾಲು ನೀರು, ಕಿಟಕಿ ತೆರೆದು, ಐದೈದು ನಿಮಿಷಕ್ಕೆ ಎತ್ತಿ ನೋಡುತ್ತಾ ಗರಿಷ್ಠ ಅರ್ಧ ಗಂಟೆ. ಚೆನ್ನಾಗಿ ಜಾಲಿಸಿ, ಮೆಡಿಕಲ್ ಶಾಪಿನ 100 ಮಿ.ಲೀ. ಹೈಡ್ರೋಜನ್ ಪೆರಾಕ್ಸೈಡನ್ನು ಮೂರು ಲೀಟರ್ ನೀರಿಗೆ ಬೆರೆಸಿ ಹತ್ತು ನಿಮಿಷ ಅದ್ದಿಡಿ. ಇಲ್ಲದಿದ್ದರೆ ಉಳಿದ ಕ್ಲೋರಿನ್ ಬಟ್ಟೆಯನ್ನೂ ತಿನ್ನುತ್ತದೆ, ಹೊಸ ಡೈಯನ್ನೂ. ವಿನೆಗರ್, ನಿಂಬೆಹುಳಿ ಹಾಕುವ ಸಲಹೆ ಕೇಳಲೇಬೇಡಿ; ಬ್ಲೀಚಿಗೆ ಹುಳಿ ಸೇರಿದರೆ ವಿಷಾನಿಲ ಏಳುತ್ತದೆ. ಒಳಗಿನ ಲೇಬಲ್ಲನ್ನೂ ಓದಿ: ಶೇ. 2 ಎಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ಎಳೆ) ಇದ್ದರೂ ಬ್ಲೀಚಿಗೆ ಆ ಎಳೆ ಸತ್ತು, ಪ್ಯಾಂಟು ಮೊಣಕಾಲಲ್ಲಿ ಜೋಲು ಬೀಳುತ್ತದೆ. ಸ್ಟ್ರೆಚ್ ಜೀನ್ಸಿಗೆ ಹಸಿರೋ ನೇರಳೆಯೋ ಸಾಕು.