12 ಇಂಚಿನ ಎ.ಆರ್. 500 ಉಕ್ಕಿನ ಗುರಿಫಲಕ: ಕೆಲವು ವರ್ಷಗಳ ಬಳಕೆಯ ನಂತರ

ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು ಸ್ನೇಹಿತರ ಜಮೀನಿನಲ್ಲಿ, ಎತ್ತರವಾದ ಮಣ್ಣಿನ ದಿಬ್ಬದ ಮುಂದೆ, 12 ಇಂಚು ವ್ಯಾಸದ ದುಂಡನೆಯ ಉಕ್ಕಿನ ಫಲಕವೊಂದನ್ನು ಕೆಲವು ವರ್ಷಗಳಿಂದ ಗುರಿಯಾಗಿ ಬಳಸುತ್ತಿದ್ದೇನೆ. ಇದರ ದಪ್ಪ 3/8 ಇಂಚು, ಅಂದರೆ ಸುಮಾರು ಒಂಬತ್ತೂವರೆ ಮಿಲಿಮೀಟರ್. ತೂಕ ಸುಮಾರು ಐದೂವರೆ ಕಿಲೋ. ಪಿಸ್ತೂಲು ಮತ್ತು ರೈಫಲ್ ಎರಡರ ಅಭ್ಯಾಸಕ್ಕೂ ಇದೇ ಫಲಕ ಸಾಕಾಗಿದೆ. ಕೊಳ್ಳುವವರು ಸಾಮಾನ್ಯವಾಗಿ ಉಕ್ಕಿನ ದರ್ಜೆಯನ್ನಷ್ಟೇ ವಿಚಾರಿಸುತ್ತಾರೆ. ಫಲಕವನ್ನು ಹೇಗೆ ತೂಗುಹಾಕುತ್ತೇವೆ ಎಂಬುದಕ್ಕೂ ಅಷ್ಟೇ ಬೆಲೆ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಉಕ್ಕಿನ ವಿಚಾರ. ಎ.ಆರ್. ಎಂದರೆ ಸವೆತವನ್ನು ತಡೆಯುವ ಉಕ್ಕು; 500 ಎಂಬುದು ಬ್ರಿನೆಲ್ ಮಾನದಲ್ಲಿ ಅದರ ಗಡಸುತನವನ್ನು ಸೂಚಿಸುತ್ತದೆ. ಗೇಟು, ಕಿಟಕಿಗಳಿಗೆ ಬಳಸುವ ಸಾಧಾರಣ ಮೃದು ಉಕ್ಕಿನ ಗಡಸುತನ ಇದರ ಮೂರನೇ ಒಂದು ಭಾಗವೂ ಇರುವುದಿಲ್ಲ. ಗಡುಸಾದ, ಸಪಾಟಾದ ಮೇಲ್ಮೈಗೆ ಬಡಿದ ಸೀಸದ ಗುಂಡು ಪುಡಿಯಾಗಿ, ಆ ಚೂರುಗಳು ಫಲಕದ ಮುಖಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ಸುತ್ತಲೂ ಚಿಮ್ಮುತ್ತವೆ. ಮೃದು ಉಕ್ಕಿನಲ್ಲಿ ಹಾಗಾಗುವುದಿಲ್ಲ. ರೈಫಲ್ ಗುಂಡು ಅದರಲ್ಲಿ ಕುಳಿ ತೋಡುತ್ತದೆ, ಮುಂದಿನ ಗುಂಡು ಆ ಕುಳಿಯ ಅಂಚಿಗೆ ತಗುಲಿದರೆ ಚೂರುಗಳು ದಿಕ್ಕು ಬದಲಿಸಿ ಗುಂಡು ಹಾರಿಸಿದವನ ಕಡೆಗೇ ಮರಳಬಹುದು. ಆದ್ದರಿಂದ ಕುಳಿ ಬಿದ್ದ, ಬಿರುಕು ಬಿಟ್ಟ ಅಥವಾ ಒಳಬಾಗಿದ ಫಲಕ ಎಷ್ಟೇ ದುಬಾರಿಯದಾಗಿದ್ದರೂ ಗುಜರಿಗೆ ಹಾಕತಕ್ಕದ್ದೇ.

ಕತ್ತರಿಸಿದ ಅಂಚನ್ನೂ ಪರೀಕ್ಷಿಸಬೇಕು. ಅತಿಯಾದ ಶಾಖ ತಗುಲಿದರೆ ಈ ಉಕ್ಕು ತನ್ನ ಗಡಸುತನವನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ನೀರಿನ ಜೆಟ್ ಅಥವಾ ಲೇಸರ್‌ನಿಂದ ಕತ್ತರಿಸಿದ್ದು ಒಳ್ಳೆಯದು, ಮುಖದ ಮೇಲೆ ವೆಲ್ಡಿಂಗ್ ಮಾಡಿರುವುದು ಬೇಡವೇ ಬೇಡ. ಆನ್‌ಲೈನ್ ಮಾರಾಟಗಾರರೊಬ್ಬರಿಂದ ನಾನು ತರಿಸಿದ ಇನ್ನೊಂದು ಚಿಕ್ಕ ಫಲಕದ ಅಂಚಿನುದ್ದಕ್ಕೂ, ಶಾಖ ತಗುಲಿದ್ದರ ಗುರುತಾದ ನೀಲಿ ಛಾಯೆಯ ಪಟ್ಟಿಯೊಂದು ಕಾಣುತ್ತಿತ್ತು, ಗಡಸುತನದ ಪ್ರಮಾಣಪತ್ರವೂ ಜೊತೆಗಿರಲಿಲ್ಲ; ಕೇಳಿದಾಗ ಸಮರ್ಪಕವಾದ ಉತ್ತರ ಬಾರದ್ದರಿಂದ ಒಂದು ಗುಂಡನ್ನೂ ಹಾರಿಸದೆ ಹಿಂದಿರುಗಿಸಿದೆ.

ಇನ್ನು ತೂಗುಹಾಕುವ ಕ್ರಮ. ನನ್ನ ಫಲಕವು ಮೇಲ್ಭಾಗದ ಒಂದೇ ಬೋಲ್ಟಿನಿಂದ ದಪ್ಪ ರಬ್ಬರ್ ಬೆಲ್ಟಿಗೆ ಜೋತುಬಿದ್ದು, ಸುಮಾರು 20 ಡಿಗ್ರಿಗಳಷ್ಟು ಮುಂದಕ್ಕೆ ಬಾಗಿ ನಿಲ್ಲುತ್ತದೆ. ಈ ಬಾಗಿನಿಂದಾಗಿ ಮುಂದಕ್ಕೆ ಬರುವ ಚೂರುಗಳಲ್ಲಿ ಹೆಚ್ಚಿನವು ನೆಲಕ್ಕಿಳಿಯುತ್ತವೆ, ಬೆಲ್ಟಿನ ತೂಗಾಟ ಹೊಡೆತದ ಬಲವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಚೂರುಗಳು ಎತ್ತ ಹೋಗುತ್ತವೆಂಬುದನ್ನು ಊಹಿಸಬೇಕಾಗಿಲ್ಲ: ಫಲಕದ ಎರಡೂ ಬದಿಯ ಮರದ ಕಂಬಗಳಲ್ಲಿ, ಫಲಕದ ಮುಖಕ್ಕೆ ನೇರವಾಗಿರುವ ಜಾಗದಲ್ಲಿ, ಗರಗಸದಿಂದ ಕೊಯ್ದಂತೆ ಬೂದುಬಣ್ಣದ ಸೀಳು ಮೂಡಿದೆ, ಕೆಳಗಿನ ಹುಲ್ಲು ಒಂದೇ ಗೆರೆಯಲ್ಲಿ ತರಿದುಹೋಗಿದೆ. ಆ ಸೀಳನ್ನು ಒಮ್ಮೆ ಹತ್ತಿರದಿಂದ ನೋಡಿದವರು ಫಲಕದ ಪಕ್ಕದಲ್ಲಿ ಯಾರನ್ನೂ ನಿಲ್ಲಗೊಡುವುದಿಲ್ಲ. ಸರಪಣಿಯಿಂದ ತೂಗುಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಗುಂಡು ತಗುಲಿದ ಕೊಂಡಿ ಎತ್ತ ಹಾರುವುದೆಂದು ಹೇಳಲಾಗದು.

ದೂರದ ಬಗ್ಗೆ ಸಡಿಲಿಕೆ ಸಲ್ಲದು. ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಸ್ಪರ್ಧೆಗಳಲ್ಲಿ ಪಿಸ್ತೂಲಿನಿಂದ ಲೋಹದ ಗುರಿಗೆ ಹೊಡೆಯಲು ಕನಿಷ್ಠ 7 ಮೀಟರ್ ದೂರವಿರಬೇಕೆಂಬ ನಿಯಮವಿದೆ. ನಾನು 9 ಎಂ.ಎಂ. ಪಿಸ್ತೂಲಿಗೂ 10 ಗಜಕ್ಕಿಂತ ಹತ್ತಿರ ಹೋಗುವುದಿಲ್ಲ, ಹೊಸಬರಿದ್ದರೆ 15 ಗಜ. ರೈಫಲ್‌ಗೆ 100 ಗಜ. ಬಡಿಯುವ ವೇಗ ಸೆಕೆಂಡಿಗೆ 3,000 ಅಡಿ ದಾಟಿದರೆ ಎ.ಆರ್. 500 ಉಕ್ಕಿನಲ್ಲೂ ಕುಳಿ ಬೀಳತೊಡಗುತ್ತದೆ. ಇಪ್ಪತ್ತು ಇಂಚಿನ ನಳಿಕೆಯಿಂದ ಹೊರಟ 55 ಗ್ರೇನ್ (ಸುಮಾರು ಮೂರೂವರೆ ಗ್ರಾಂ) ತೂಕದ 5.56 ಎಂ.ಎಂ. ರೈಫಲ್ ಗುಂಡು ನಳಿಕೆಯ ಬಾಯಲ್ಲಿ ಈ ಮಿತಿಯನ್ನು ಮೀರಿದ್ದು, 100 ಗಜ ತಲುಪುವಷ್ಟರಲ್ಲಿ ಅದಕ್ಕಿಂತ ಕೆಳಗಿಳಿದಿರುತ್ತದೆ. ಹಸಿರು ತುದಿಯ ಎಂ855ರಂತಹ, ಒಳಗೆ ಉಕ್ಕಿನ ತಿರುಳಿರುವ ಗುಂಡುಗಳನ್ನು ಯಾವ ದೂರದಿಂದಲೂ ಬಳಸಬಾರದು. ಗುಂಡಿನ ತುದಿಗೆ ಅಯಸ್ಕಾಂತ ಹಿಡಿದು ನೋಡುವುದು ನನ್ನ ರೂಢಿ. ಅಂಟಿಕೊಂಡರೆ, ಉಕ್ಕು ತಿರುಳಿನಲ್ಲಿರಲಿ ಕವಚದಲ್ಲಿರಲಿ, ಅದನ್ನು ಬದಿಗಿಡುತ್ತೇನೆ. ಏರ್‌ಗನ್ನಿನ ಉಕ್ಕಿನ ಗೋಲಿಗಳೂ ಶಾಟ್‌ಗನ್ನಿನ ಉಕ್ಕಿನ ಚರೆಗಳೂ ಪುಡಿಯಾಗದೆ ಇಡಿಯಾಗಿ ಪುಟಿದು ಬರುವುದರಿಂದ ಅವುಗಳಿಗೂ ನಿಷೇಧವೇ.

ಇಲ್ಲಿನ ಬೇಸಿಗೆಯಲ್ಲಿ ಬೆಂಕಿಯ ಭಯ ನಿಜವಾದದ್ದು. ಅಮೆರಿಕದ ಅರಣ್ಯ ಸೇವೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಕ್ಕಿನ ಫಲಕಕ್ಕೆ ಬಡಿದ ರೈಫಲ್ ಗುಂಡಿನ ಚೂರುಗಳು ಒಣಗಿದ ಸಾವಯವ ಪದಾರ್ಥಕ್ಕೆ ಬೆಂಕಿ ಹೊತ್ತಿಸಬಲ್ಲವೆಂದು ತೋರಿಸಲಾಗಿದೆ. ಉಕ್ಕಿನ ಅಂಶವಿರುವ ಮತ್ತು ಅಚ್ಚ ತಾಮ್ರದ ಗುಂಡುಗಳು ಈ ವಿಷಯದಲ್ಲಿ ಹೆಚ್ಚು ಅಪಾಯಕಾರಿ. ಫಲಕದ ಸುತ್ತ ಬರಿಮಣ್ಣು ಕಾಣುವಂತೆ ಹುಲ್ಲು ಕೆರೆದು, ನೀರಿನ ಕ್ಯಾನ್ ಹತ್ತಿರವಿಟ್ಟುಕೊಳ್ಳುತ್ತೇನೆ. ನೆಲದ ಮೇಲಿನ ಚೂರುಗಳಲ್ಲಿ ಸೀಸವಿರುವುದರಿಂದ ಮಕ್ಕಳು ಅವನ್ನು ಆಯಬಾರದು, ದೊಡ್ಡವರು ಊಟಕ್ಕೆ ಮುನ್ನ ಸೋಪು ಹಾಕಿ ಕೈ ತೊಳೆಯಲೇಬೇಕು. ಕಣ್ಣಿನ ರಕ್ಷಣೆಗಾಗಿರುವ ಅಮೆರಿಕದ ಝಡ್87.1 ಮಾನದಂಡದ ಕನ್ನಡಕ ಮತ್ತು ಕಿವಿರಕ್ಷಕಗಳು, ಗುಂಡು ಹಾರಿಸುವವರಿಗಷ್ಟೇ ಅಲ್ಲ, ಹಿಂದೆ ನಿಂತು ನೋಡುವವರಿಗೂ ಕಡ್ಡಾಯ.

ಬಾಳಿಕೆಯ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಫಲಕದ ಮುಖ ಇಂದಿಗೂ ನುಣುಪಾಗಿದೆ. ಪ್ರತಿ ಸಲವೂ ಬಿಳಿ ಬಣ್ಣ ಸಿಂಪಡಿಸುವ ಮುನ್ನ ಬೆರಳಿನಿಂದ ಸವರಿ ನೋಡುತ್ತೇನೆ. ಸವೆದಿರುವುದು ಬೆಲ್ಟು ಮತ್ತು ಕಂಬಗಳು ಮಾತ್ರ, ಅವು ಅಗ್ಗವಾಗಿ ಸಿಗುತ್ತವೆ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಕಂಡವರಿಗೆ, ಗುರಿ ತಗುಲಿದ್ದು ಆ ಕ್ಷಣವೇ ಗೊತ್ತಾಗುವುದರ ಸಂತೋಷವನ್ನು ವಿವರಿಸಬೇಕಿಲ್ಲ. 100 ಗಜದಾಚೆಯ ಉಕ್ಕಿನ ನಾದ ಅರ್ಧ ಸೆಕೆಂಡಿನೊಳಗೆ ಕಿವಿಗೆ ಬೀಳುತ್ತದೆ, ಕಾಗದದ ಗುರಿಯಂತೆ ನಡೆದುಹೋಗಿ ನೋಡಬೇಕಾಗಿಲ್ಲ. ಆದರೆ ಬಂದೂಕಿನ ಗುರಿಸಾಧನವನ್ನು ಹೊಂದಿಸುವುದಕ್ಕೂ ಗುಂಡುಗಳು ಎಷ್ಟು ಒತ್ತಾಗಿ ಬಿದ್ದಿವೆಯೆಂದು ಅಳೆಯುವುದಕ್ಕೂ ಕಾಗದವೇ ಸರಿ. ಹಿಂದೆ ಮಣ್ಣಿನ ದಿಬ್ಬವಿಲ್ಲದವರು, ಅಗತ್ಯವಾದ ದೂರ ಸಿಗದವರು, ಸೀಸದ ಚೂರುಗಳನ್ನು ತಡೆಯುವ ಏರ್ಪಾಡಿಲ್ಲದ ಒಳಾಂಗಣದಲ್ಲಿ ಅಭ್ಯಾಸ ಮಾಡುವವರು ಈ ಫಲಕವನ್ನು ಕೊಳ್ಳಬೇಡಿರೆಂದು ಕೇಳಿಕೊಳ್ಳುತ್ತೇನೆ.