ಇಸ್ತ್ರಿ ಪೆಟ್ಟಿಗೆಯಂಥ ಹತ್ತರಿ

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. 260 ಪೌಂಡ್. ಆಗಿನ ಲೆಕ್ಕದಲ್ಲಿ ಸುಮಾರು 28 ಸಾವಿರ ರೂಪಾಯಿ. ಮರ ಕೀಸುವ ಒಂದು ಹತ್ತರಿಗೆ! ಅದೂ ಹಳೆಯದು, ಮಾಡಿದವರ ಹೆಸರು ಕೂಡ ಮೇಲಿಲ್ಲ. ನನ್ನ ಹೆಂಡತಿಗೆ ಹೇಳಿದ ಬೆಲೆ ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಬಡಗಿಯಲ್ಲ. ಮೂವತ್ತು ವರ್ಷ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕಬ್ಬಿಣ ಉಜ್ಜಿದವನು. ನಿವೃತ್ತನಾದ ಮೇಲೆ ಮೈಸೂರಿನ ಮನೆಯ ಕಾರ್ ಶೆಡ್ಡಿನಲ್ಲಿ ಮರ ಉಜ್ಜುತ್ತಿದ್ದೇನೆ. ಕಾರು ಬೀದಿಯಲ್ಲಿ ನಿಲ್ಲುತ್ತದೆ. ಹೋದ ವರ್ಷ ಮಗ ಇಂಗ್ಲೆಂಡಿನಿಂದ ಬರುವಾಗ ಏನು ತರಲಿ ಎಂದು ಕೇಳಿದ. ಪ್ರತಿ ಸಲ ಏನೂ ಬೇಡ ಅನ್ನುವ ನಾನು ಈ ಸಲ ಇದರ ಫೋಟೊ ಕಳಿಸಿದೆ. ಹಳೆ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಸಿಕ್ಕಿತು.

ಇದರ ಮೈ ಉಕ್ಕಿನ ಒಂದು ತೊಟ್ಟಿ. ಅದರೊಳಗೆ ಬೀಟೆ ಮರ ಕೂರಿಸಿ ಅಡ್ಡಕ್ಕೆ ರಿವೆಟ್ ಹೊಡೆದಿದ್ದಾರೆ. ಹಿಂದೆ ಹಿಡಿ, ಮುಂದೆ ಕೈ ಊರಲು ಒಂದು ಗುಬುಟು, ಎರಡೂ ಬೀಟೆಯವೇ. ಅಲಗನ್ನು ಅದುಮಿ ಹಿಡಿಯುವ ಲಿವರ್ ಕ್ಯಾಪ್ ಹಿತ್ತಾಳೆಯದು. ಮರ ತುಂಬಿರುವುದರಿಂದ ಇಂಗ್ಲಿಷಿನವರು ಇದಕ್ಕೆ ಇನ್‌ಫಿಲ್ ಪ್ಲೇನ್ ಅನ್ನುತ್ತಾರೆ. ನಮ್ಮ ಬೀದಿಯ ಆಚಾರ್ರು ಮೊದಲ ಸಲ ನೋಡಿದಾಗ, "ಏನ್ ಸ್ವಾಮಿ ಇದು, ಇಸ್ತ್ರಿ ಪೆಟ್ಟಿಗೆನಾ?" ಎಂದರು. ತಪ್ಪೇನಿಲ್ಲ, ಕೆಂಡ ಹಾಕುವ ಇಸ್ತ್ರಿ ಪೆಟ್ಟಿಗೆಯ ತಮ್ಮನ ಹಾಗೇ ಇದೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 2 ಕಿಲೋ 300 ಗ್ರಾಂ.

ನನ್ನಂಥ ಟೂಲ್ ರೂಮಿನವನಿಗೆ ಹುಚ್ಚು ಹಿಡಿಸುವುದು ಅದರ ತಳದ ಜೋಡಣೆ. ತಳದ ತಗಡು ಬೇರೆ, ಎರಡು ಪಕ್ಕದ ತಗಡು ಬೇರೆ. ವೆಲ್ಡಿಂಗ್ ಇಲ್ಲ, ಬೆಸುಗೆ ಇಲ್ಲ. ಮರಕ್ಕೆ ಹಾಕುವ ಡವ್‌ಟೇಲನ್ನೇ ಉಕ್ಕಿಗೆ ಹಾಕಿದ್ದಾರೆ, ಅಂದರೆ ಪಾರಿವಾಳದ ಬಾಲದ ಆಕಾರದ ಹಲ್ಲು. ಅರದಿಂದ ಹಲ್ಲು ಹಲ್ಲಾಗಿ ಕತ್ತರಿಸಿ, ಒಂದರೊಳಗೊಂದು ಕೂರಿಸಿ, ಅಂಚನ್ನು ಸುತ್ತಿಗೆಯಿಂದ ಬಡಿದು ಬಡಿದು ಸಂದಿಗೆ ತುಂಬಿಸಿದ್ದಾರೆ. ಬಡಿದ ಮೇಲೆ ಹಲ್ಲು ಎರಡೂ ದಿಕ್ಕಿಗೆ ಅಗಲವಾಗಿ ಕೂರುತ್ತದೆ. ಮರದಲ್ಲಾದರೆ ಇಂಥ ಜೋಡಣೆಯನ್ನು ಸೇರಿಸಲೇ ಆಗುವುದಿಲ್ಲ. ಆಮೇಲೆ ಮಟ್ಟ ಮಾಡಿ ಹೊಳಪು ಕೊಟ್ಟರೆ ಗೆರೆಯೂ ಕಾಣುವುದಿಲ್ಲ. ಭೂತಗನ್ನಡಿ ಹಿಡಿದು ಹುಡುಕಿದ ಮೇಲೆ ನನಗೆ ಸಿಕ್ಕಿತು. ಆ ದಿನ ಮಧ್ಯಾಹ್ನದ ಊಟ ತಣ್ಣಗಾಯಿತು.

ಈ ಕೆಲಸದಲ್ಲಿ ದೊಡ್ಡ ಹೆಸರುಗಳು ಮೂರು. ಸ್ಕಾಟ್ಲೆಂಡಿನ ಏರ್ ಊರಿನ ಸ್ಪೈಯರ್ಸ್, ಗ್ಲಾಸ್ಗೋದ ಮ್ಯಾಥಿಸನ್, ಲಂಡನ್ನಿನ ನಾರಿಸ್. ಸ್ಪೈಯರ್ಸ್ ಶುರು ಮಾಡಿದ್ದು 1840ರ ಸುಮಾರಿಗೆ. ನಾರಿಸ್‌ನವರು 1913ರಲ್ಲಿ ಸ್ಕ್ರೂ ತಿರುಗಿಸಿ ಅಲಗು ಇಳಿಸುವ ವ್ಯವಸ್ಥೆಗೆ ಪೇಟೆಂಟ್ ತೆಗೆದರು. ಅವರ ಎ5 ಎಂಬ ಹತ್ತರಿಗೆ ಇವತ್ತಿಗೂ ಜನ ಬಾಯಿ ಬಿಡುತ್ತಾರೆ. ಅಷ್ಟರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕಂಪನಿಯವರು 1869ರಲ್ಲಿ ಬೈಲಿ ಎಂಬವರ ಹತ್ತರಿ ಪೇಟೆಂಟುಗಳನ್ನು ಕೊಂಡು, ಎರಕದ ಕಬ್ಬಿಣದ ಅಗ್ಗದ ಹತ್ತರಿಗಳನ್ನು ರಾಶಿ ರಾಶಿ ಮಾರತೊಡಗಿದ್ದರು. ಕೈಯಲ್ಲಿ ಬಡಿದು ಮಾಡುವವರು ಅವರ ಎದುರು ಎಷ್ಟು ದಿನ ನಿಲ್ಲಲಾದೀತು? ಎರಕದ ಚಿಪ್ಪು ಮಾತ್ರ ಕೊಂಡು, ಒಳಗೆ ತಾವೇ ಮರ ಕೂರಿಸಿಕೊಳ್ಳುತ್ತಿದ್ದ ಕಸುಬಿನವರೂ ಇದ್ದರು. ನನ್ನದು ಎರಕದ್ದಲ್ಲ. ಆದರೂ ಯಾವ ಮುದ್ರೆಯೂ ಇಲ್ಲ. ಅಲಗಿನ ಮೇಲೆ ಶೆಫೀಲ್ಡ್ ಎಂದಷ್ಟೇ ಇದೆ, ಅದು ಇಂಗ್ಲೆಂಡಿನ ಉಕ್ಕಿನ ಊರು.

ಬಂದ ದಿನವೇ ಮರಕ್ಕೆ ಹಚ್ಚಬಹುದು ಎಂದುಕೊಂಡಿದ್ದೆ. ಮಾರಿದವರೂ ಹಾಗೇ ಬರೆದಿದ್ದರು. ಸುಳ್ಳು. ಅಲಗಿನ ಬೆನ್ನಲ್ಲಿ ತುಕ್ಕು ತಿಂದ ಗುಳಿಗಳಿದ್ದವು, ಅದೂ ಸರಿಯಾಗಿ ಬಾಯ ಹತ್ತಿರ. ಉದ್ದದಲ್ಲಿ 3 ಮಿಲಿಮೀಟರ್ ಸವೆಸಿದ ಮೇಲೆ ಒಳ್ಳೆ ಉಕ್ಕು ಸಿಕ್ಕಿತು. ಎರಡು ಭಾನುವಾರ ಹೋಯಿತು. ಅಲಗು 4 ಮಿಲಿಮೀಟರಿಗಿಂತ ದಪ್ಪ. ಪುಣ್ಯಕ್ಕೆ ಪೂರ್ತಿ ಗಡಸು ಉಕ್ಕಲ್ಲ, ಮೆದು ಕಬ್ಬಿಣಕ್ಕೆ ಉಕ್ಕಿನ ತೆಳು ಪದರ ಬೆಸೆದದ್ದು. ಇಲ್ಲದಿದ್ದರೆ ನಾನಿನ್ನೂ ಸಾಣೆಕಲ್ಲಿನ ಮುಂದೆಯೇ ಕೂತಿರುತ್ತಿದ್ದೆ.

ಮೊದಲ ಪರೀಕ್ಷೆಗೆ ಹಲಸನ್ನು ಆರಿಸಿಕೊಂಡೆ. ಬೇಕಂತಲೇ. ಹಲಸಿನ ಎಳೆ ಒಂದು ಪಟ್ಟಿಯಲ್ಲಿ ಈ ಕಡೆ, ಪಕ್ಕದ ಪಟ್ಟಿಯಲ್ಲಿ ಆ ಕಡೆ. ಯಾವ ದಿಕ್ಕಿಗೆ ತಳ್ಳಿದರೂ ಅರ್ಧ ಹಲಗೆಗೆ ಎದುರು ಎಳೆ. ಮಾಮೂಲಿ ಹತ್ತರಿಯಲ್ಲಿ ಕೋಳಿ ಕೆದಕಿದ ಹಾಗೆ ಕಿತ್ತು ಬರುತ್ತದೆ, ಆಮೇಲೆ ಮರಳು ಕಾಗದವೇ ಗತಿ. ಇದರಲ್ಲಿ ಕೀಸಿದರೆ ಒಂದು ಸದ್ದು ಬಂತು. ಹೊಸ ರೇಷ್ಮೆ ಸೀರೆಯ ಮಡಿಕೆ ಬಿಚ್ಚುವ ಸದ್ದು. ಬಂದ ಸುರುಳಿಯನ್ನು ಮೈಕ್ರೋಮೀಟರಿಗೆ ಹಿಡಿದೆ. 0.03 ಮಿಲಿಮೀಟರ್. ಹಲಗೆಯ ಮೇಲೆ ಟ್ಯೂಬ್‌ಲೈಟ್ ಕಾಣುತ್ತಿತ್ತು.

ಯಾಕೆ ಹೀಗೆ? ಅಲಗು ದಪ್ಪ, ಹಿಂದೆ ಉದ್ದಕ್ಕೂ ಆಸರೆ, ಮೇಲಿಂದ ಬಿಗಿ ಹಿಡಿತ. ಅದು ಅಲುಗುವುದೇ ಇಲ್ಲ. ತಳದಲ್ಲಿ ಅಲಗು ಹೊರಬರುವ ಬಾಯಿ ಅರ್ಧ ಮಿಲಿಮೀಟರಿಗಿಂತ ಕಿರಿದು, ಹಾಗಾಗಿ ಎಳೆ ಸೀಳಿಕೊಂಡು ಮುಂದೆ ಓಡಲು ಜಾಗವಿಲ್ಲ. ಜೊತೆಗೆ ಭಾರ.

ಆಚಾರ್ರ ಕೈಗೆ ಕೊಟ್ಟೆ. ನಾಲ್ಕು ಸಲ ತಳ್ಳಿದರು. "ಭಾರಾನೇ ಕೆಲ್ಸ ಮಾಡುತ್ತೆ ಸ್ವಾಮಿ, ನಾವು ದಾರಿ ತೋರಿಸಿದ್ರೆ ಸಾಕು" ಎಂದರು. ಅರ್ಧ ಗಂಟೆಯ ನಂತರ ನೋಡಿದರೆ ಅವರ ಜಾಲಿ ಮರದ ಹತ್ತರಿಯೇ ಅವರ ಕೈಯಲ್ಲಿತ್ತು. "ಯಾಕೆ ಆಚಾರ್ರೇ?" "ಭುಜ ಹೋಯ್ತು. ಹೋಗ್ವಾಗ ಸುಖ, ವಾಪಸ್ ಎತ್ತುವಾಗ ಯಾರ್ ಬರ್ತಾರೆ?"

ಅದು ನಿಜ. ಬಾಗಿಲಿನ ಚೌಕಟ್ಟು, ಮಂಚದ ಕಾಲು ಇಂಥದ್ದಕ್ಕೆಲ್ಲ ಇದನ್ನು ತೆಗೆಯಲೇಬೇಡಿ. ಇದು ಕೊನೆಯ ನಾಲ್ಕು ಸುರುಳಿಗೆ ಇರುವ ಹತ್ತರಿ. ತೇಗಕ್ಕೂ ನಾನು ಹಿಂಜರಿಯುತ್ತೇನೆ. ತೇಗದೊಳಗೆ ಮರಳಿನಂಥ ಸಿಲಿಕಾ ಇದೆ, ಇಪ್ಪತ್ತು ನಿಮಿಷಕ್ಕೆ ಬಾಯಿ ಮೊಂಡು. ಈ ದಪ್ಪ ಅಲಗನ್ನು ಪದೇ ಪದೇ ಸಾಣೆ ಹಿಡಿಯುವುದು ಯಾರಿಗೆ ಬೇಕು.

ನನ್ನ ಹತ್ತರಿಗೆ ಅಡ್ಜಸ್ಟರ್ ಸ್ಕ್ರೂ ಇಲ್ಲ. ಅಲಗು ಇಳಿಯಬೇಕಾದರೆ ಪುಟ್ಟ ಸುತ್ತಿಗೆಯಿಂದ ಹಿಂದಿನಿಂದ ಟಕ್ ಎನ್ನಿಸಬೇಕು, ಓರೆಯಾದರೆ ಪಕ್ಕದಿಂದ. ಸ್ಕ್ರೂ ಇರುವ ಹತ್ತರಿಯಲ್ಲೇ ಕಲಿತವರು ಇದಕ್ಕೆ ಗಾಬರಿಯಾಗುತ್ತಾರೆ. ಆಚಾರ್ರು ನಕ್ಕರು. ಅವರು ಐವತ್ತು ವರ್ಷದಿಂದ ಬೆಣೆ ಬಡಿದೇ ಅಲಗು ಕೂರಿಸುತ್ತಿದ್ದಾರಲ್ವಾ.

ಈಗ ದೂರು. ಮಾರ್ಚ್ ತಿಂಗಳಲ್ಲಿ ಒಂದು ದಿನ ಹತ್ತರಿ ಕಟಕಟ ಎಂದು ಕುಣಿಯಿತು. ಹಲಗೆಯ ಮೇಲೆ ಇಸ್ಪೀಟಿನ ಅಂಚಿನಂತೆ ಗೆರೆ ಗೆರೆ. ಅಲಗಿನ ಬೆನ್ನಿಗೆ ಎಂಜಿನಿಯರ್ಸ್ ಬ್ಲೂ, ಅಂದರೆ ತಾಗಿದ ಜಾಗ ತೋರಿಸುವ ನೀಲಿ ಬಣ್ಣ, ಹಚ್ಚಿ ಕೂರಿಸಿ ತೆಗೆದು ನೋಡಿದೆ. ತಳದ ಬಾಯ ಹತ್ತಿರದ ಉಕ್ಕಿನ ಅಂಚಿಗೆ ಮಾತ್ರ ನೀಲಿ ತಾಗಿತ್ತು, ಮರಕ್ಕೆ ಇಲ್ಲ. ಬಿಸಿಲಿಗೆ ಬೀಟೆ ಒಣಗಿ ಕುಗ್ಗಿದೆ. ಉಕ್ಕು ಕುಗ್ಗುತ್ತದೆಯೇ? ಅಲಗಿಗೆ ಹಿಂದಿನ ಆಸರೆ ಹೋಯಿತು. ಇಂಗ್ಲೆಂಡಿನ ತಂಪಿನಲ್ಲಿ ನೂರು ವರ್ಷ ಸುಮ್ನೆ ಕೂತ ಮರಕ್ಕೆ ನಮ್ಮ ಬೇಸಿಗೆ ಹೊಸದು. ಅದು ಮೂಲತಃ ನಮ್ಮ ಕಡೆಯ ಬೀಟೆಯೇ ಎಂದು ನನ್ನ ಮೂಗು ಹೇಳುತ್ತದೆ. ಕೆರೆದಾಗ ಅದೇ ಸಿಹಿ ವಾಸನೆ. ಆದರೆ ಮೂಗಿನ ಸಾಕ್ಷಿಗೆ ನಾನು ಪ್ರಮಾಣ ಮಾಡುವುದಿಲ್ಲ. ಸದ್ಯಕ್ಕೆ ಮದುವೆ ಕಾಗದದ ಒಂದು ಚೂರನ್ನು ಅಲಗಿನ ಹಿಂದೆ ಇಟ್ಟೆ. ನಿಂತಿತು! ಜೂನ್ ಕಳೆದು ಗಾಳಿಯಲ್ಲಿ ತೇವ ಬಂದ ಮೇಲೆ ಮರ ಉಬ್ಬಿತು, ಕಾಗದ ತೆಗೆದೆ. ವರ್ಷಕ್ಕೆ ಎರಡು ಸಲ ಈ ಸೇವೆ ಮಾಡಬೇಕು ಅನಿಸುತ್ತದೆ. ಪೂರ್ತಿ ಎರಕದ ಹತ್ತರಿಗೆ ಈ ತೊಂದರೆಯೇ ಇಲ್ಲ.

ಇನ್ನೊಂದು ವಿಷಯ ಬರೆಯದಿದ್ದರೆ ಮೋಸವಾಗುತ್ತದೆ. ನನ್ನ ಹತ್ತಿರ ಹತ್ತು ವರ್ಷದಿಂದ ಒಂದು ಮಾಮೂಲಿ ಎರಕದ ಹತ್ತರಿ ಇದೆ. ಅದರ ಅಲಗಿನ ಮೇಲೆ ಕೂರುವ ಇನ್ನೊಂದು ತಗಡು, ಅಂದರೆ ಚಿಪ್‌ಬ್ರೇಕರ್, ಸುರುಳಿ ಮೇಲೇಳುವಾಗಲೇ ಅದನ್ನು ಮಡಿಸಿ ಮುರಿಯುತ್ತದೆ, ಆಗ ಎಳೆ ಕಿತ್ತು ಬರುವುದಿಲ್ಲ. ಜಪಾನಿನ ಯಮಗಾಟ ವಿಶ್ವವಿದ್ಯಾಲಯದ ಕವಾಯಿ ಮತ್ತು ಕಾಟೊ ಎಂಬ ಇಬ್ಬರು ಪ್ರಾಧ್ಯಾಪಕರು ಇದನ್ನು ಹತ್ತಿರದಿಂದ ಚಿತ್ರೀಕರಿಸಿ ತೋರಿಸಿದ್ದಾರೆ. ಗುಟ್ಟು ಇರುವುದು ದೂರದಲ್ಲಿ. ಅಲಗಿನ ಬಾಯಿಂದ ಮಿಲಿಮೀಟರಿನ ಹತ್ತನೆಯ ಒಂದು, ಎರಡು ಭಾಗದಷ್ಟು ಹತ್ತಿರ ಬರಬೇಕು. ನಾನು ಇಷ್ಟು ವರ್ಷ ಒಂದೂವರೆ ಮಿಲಿಮೀಟರ್ ಬಿಟ್ಟು ಕೂರಿಸುತ್ತಿದ್ದೆ. ಹತ್ತಿರ ತಂದು, ಅದೇ ಹಲಸಿನ ಹಲಗೆಯ ಇನ್ನೊಂದು ಮಗ್ಗುಲನ್ನು ಕೀಸಿದೆ. ಎರಡು ಮಗ್ಗುಲನ್ನೂ ಆಚಾರ್ರಿಗೆ ತೋರಿಸಿ ಯಾವುದು ಯಾವುದರದ್ದು ಎಂದು ಕೇಳಿದೆ. ಬೆರಳಾಡಿಸಿದರು, ಬೆಳಕಿಗೆ ಹಿಡಿದರು, ಆಮೇಲೆ ತಪ್ಪು ಹೇಳಿದರು.

ಹಾಗಾದರೆ 28 ಸಾವಿರ ದಂಡವೇ? ನಯ ಒಂದೇ ಬೇಕಿದ್ದರೆ ಹೌದು, ದಂಡ. ಇರುವ ಹತ್ತರಿಯ ತಳ ಗಾಜಿನ ಮೇಲೆ ಮರಳು ಕಾಗದ ಅಂಟಿಸಿ ಮಟ್ಟ ಮಾಡಿ, ಚಿಪ್‌ಬ್ರೇಕರ್ ಹತ್ತಿರ ತನ್ನಿ, ಒಳ್ಳೆ ಸಾಣೆಕಲ್ಲಿಗೆ ಎರಡು ಮೂರು ಸಾವಿರ ಹಾಕಿ. ಸಾಕು. ನಾನು ಇದನ್ನು ಇಟ್ಟುಕೊಂಡಿರುವುದು ಬೇರೆ ಕಾರಣಕ್ಕೆ. ಸ್ಕ್ರೂ ಇರುವ ಹತ್ತರಿಯಲ್ಲಿ ನನ್ನ ಗಮನ ಸ್ಕ್ರೂ ಮೇಲಿರುತ್ತದೆ. ಇದರಲ್ಲಿ ಕಿವಿ ಮರದ ಮೇಲಿರುತ್ತದೆ. ಇಷ್ಟಕ್ಕೆ ಅಷ್ಟು ದುಡ್ಡು ಕೊಡಬೇಕೇ ಎಂದರೆ, ನಾನು ಕೊಟ್ಟೆ, ನೀವು ಕೊಡಬೇಕಿಲ್ಲ.

ಹೊಸದನ್ನೇ ಮಾಡಿಸುವವರೂ ಇದ್ದಾರೆ. ಸ್ಕಾಟ್ಲೆಂಡಿನ ಕಾರ್ಲ್ ಹೋಲ್ಟಿ, ಕೆನಡಾದ ಕಾನ್ರಾಡ್ ಸಾವರ್ ಮಾಡಿದ ಹತ್ತರಿಗಳ ಬೆಲೆ ಕೇಳಿದರೆ ನನ್ನದು ಚಿಲ್ಲರೆ ಕಾಸು. ಆಸ್ಟ್ರೇಲಿಯಾದ ಎಚ್‌ಎನ್‌ಟಿ ಗಾರ್ಡನ್ ಕಂಪನಿಯವರು ಅಲ್ಲಿನ ಗಿಡ್ಜಿ ಎಂಬ ಗಟ್ಟಿ ಮರದಲ್ಲಿ, 60 ಡಿಗ್ರಿ ಓರೆಗೆ ಅಲಗು ಕೂರಿಸಿ ಮಾಡುತ್ತಾರೆ. ಅವನ್ನೆಲ್ಲ ನಾನು ಕೈಯಲ್ಲಿ ಹಿಡಿದಿಲ್ಲ, ಹೆಚ್ಚು ಹೇಳುವುದಿಲ್ಲ. ಹೊರದೇಶದಿಂದ ಕೊಳ್ಳುವವರು ಬೀಟೆ ಇದ್ದರೆ ಮಾತ್ರ ಮೊದಲೇ ವಿಚಾರಿಸಿ. 2017ರಿಂದ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ನಿರ್ಬಂಧದ ಪಟ್ಟಿಯಲ್ಲಿವೆ.

ಮಳೆಗಾಲದಲ್ಲಿ ಕೆಲಸ ಮುಗಿದ ತಕ್ಷಣ ಹೊಲಿಗೆ ಮಿಷನ್ ಎಣ್ಣೆ ಒರೆಸಿ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಆಯುಧ ಪೂಜೆಗೆ ಇಡುವುದಾದರೆ ಅರಿಶಿನ ಕುಂಕುಮವನ್ನು ಹಿತ್ತಾಳೆಯ ಮೇಲೆ ಹಚ್ಚಿ, ಉಕ್ಕಿನ ಮೇಲೆ ಬೇಡ, ನಿಂಬೆಹಣ್ಣಂತೂ ದೂರ ಇರಲಿ. ಹೋದ ದಸರಾದಲ್ಲಿ ನನ್ನ ಹೆಂಡತಿ ಭಕ್ತಿಯಿಂದ ಎಡಮಗ್ಗುಲಿಗೆ ಹಚ್ಚಿದಳು. ಎರಡು ತುಕ್ಕಿನ ಚುಕ್ಕೆ ಈಗಲೂ ಇವೆ. ಬೆಲೆಯ ವಿಷಯದಲ್ಲಿ ಸುಳ್ಳು ಹೇಳಿದವನು ನಾನು, ಜೋರು ಮಾಡುವ ಹಾಗೂ ಇಲ್ಲ.