ಕೊಡಗಿನ ಮಳೆಯಲ್ಲಿ ಮೆಣಸಿನ ಗಿಡ: ಬೋರ್ಡೋ, ಟ್ರೈಕೋಡರ್ಮಾ, ಇಲ್ಲಾ ಪ್ಲಾಸ್ಟಿಕ್ ಸೂರು?

ನಾಪೋಕ್ಲು ಕಡೆ ಜೂನ್ ಬಂತೆಂದರೆ ಎಲೆ ಮೇಲಿನ ನೀರು ಆರುವುದೇ ಇಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಹಸಿಮೆಣಸಿನ ಕಾಯಿ ಮೇಲೆ ಕಪ್ಪು ಮಚ್ಚೆ, ಬುಡದಲ್ಲಿ ಕೊಳೆ. ಇದಕ್ಕೆ ಏನು ಮಾಡಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದಕ್ಕೇ ಒಂದೇ ತಳಿಯ ಸಸಿಗಳನ್ನು ಒಂದೇ ಮಣ್ಣು ತುಂಬಿದ ಗ್ರೋಬ್ಯಾಗುಗಳಲ್ಲಿ ನೆಟ್ಟು, ಮೂರೂ ದಾರಿಯನ್ನು ಜೊತೆಜೊತೆಗೇ ನೋಡಿದೆ.

ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ-ಸುಣ್ಣದ ಶಿಲೀಂಧ್ರನಾಶಕ, ನಮಗೇನೂ ಹೊಸದಲ್ಲ, ಕರಿಮೆಣಸಿನ ಬಳ್ಳಿಗೆ ಹೊಡೆಯುತ್ತೇವಲ್ಲ. ಮನೆ ಮಟ್ಟಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ, 10 ಲೀಟರ್ ನೀರು. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಅವತ್ತೇ ಹೊಡೆದು ಮುಗಿಸಬೇಕು. ಮಳೆ ಹಿಡಿಯುವ ಮುಂಚೆ ಹೊಡೆದ ಗಿಡಗಳಲ್ಲಿ ಎಲೆಚುಕ್ಕೆ ತಡವಾಗಿ ಬಂತು. ಆದರೆ ಆಮೇಲೆ ಬಂದ ಚಿಗುರಿಗೆ ರಕ್ಷಣೆ ಇಲ್ಲ, ಮತ್ತೆ ಹೊಡೆಯೋಣ ಅಂದರೆ ಮಳೆ ಬಿಡಬೇಕಲ್ವಾ? ಕಿತ್ತ ಕೈಯಲ್ಲೇ ಅಡುಗೆಗೆ ಹಾಕುವ ಕಾಯಿ ಮೇಲೆ ನೀಲಿ ಕಲೆ ಇರುವುದೂ ನನಗೆ ಹಿಡಿಸಲಿಲ್ಲ.

ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಕೆಲಸ ಮಾಡುವುದು ಮಣ್ಣಿನಲ್ಲಿ. ಕೊಳೆತ ಹಟ್ಟಿಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವ ಆರದಂತೆ ಎರಡು ವಾರ ಇಟ್ಟು ಚೀಲಕ್ಕೆ ಹಾಕಿದೆ. ಸಸಿಗಳು ಬುಡ ಕೊಳೆತು ಮಲಗುವುದು ಬಹಳ ಕಡಿಮೆಯಾಯಿತು. ಕಾಯಿಯ ಮಚ್ಚೆಗೆ ಮಾತ್ರ ಇದರಿಂದ ಏನೂ ಆಗಲಿಲ್ಲ. ಇದು ಜೀವ ಇರುವಂಥದ್ದು, ಹಾಗಾಗಿ ಪ್ಯಾಕೆಟ್ ಮೇಲಿನ ತಾರೀಕು ನೋಡಿಯೇ ತನ್ನಿ. ಇದನ್ನು ಹಾಕಿದ ಮಣ್ಣಿಗೆ ಬೋರ್ಡೋ ಸುರಿಯಬೇಡಿ, ತಾಮ್ರಕ್ಕೆ ಸತ್ತುಹೋಗುತ್ತದೆ.

ನನ್ನ ಮಟ್ಟಿಗೆ ಗೆದ್ದದ್ದು ಸೂರು. ನಾಲ್ಕು ಕಂಬ, ಮೇಲೆ ಪಾರದರ್ಶಕ ಶೀಟು, ಗಾಳಿ ಆಡಲು ಸುತ್ತ ಖಾಲಿ, ಬುಡಕ್ಕೆ ಸಿಲ್ವರ್ ಓಕ್ ತರಗು. ಮಳೆ ಹನಿ ಬಿದ್ದು ಕೆಸರು ಎಲೆಗೆ ಸಿಡಿಯುವುದು ನಿಂತಿತು, ಮಚ್ಚೆಯೂ ಅಲ್ಲೊಂದು ಇಲ್ಲೊಂದು ಅಷ್ಟೇ. ಆದರೆ ಮಳೆ ತೊಳೆಯದ ಎಲೆಗೆ ರಸ ಹೀರುವ ನುಸಿ ಜಾಸ್ತಿ. ಎಲೆ ಅಂಚು ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿದ್ದರೆ ಮೈಟ್. ಎಲೆ ತಿರುಗಿಸಿ ನೋಡಿ, ಲೀಟರಿಗೆ 5 ಎಂ.ಎಲ್. ಬೇವಿನೆಣ್ಣೆ, ಸ್ವಲ್ಪ ಸೋಪು ಬೆರೆಸಿ ಸಂಜೆ ಹೊಡೆಯಿರಿ. ಶುರುವಿನಲ್ಲೇ ಹೊಡೆದರೆ ಹತೋಟಿಗೆ ಬರುತ್ತದೆ.

ಈಗ ಹೊಸ ಚೀಲ ತುಂಬುವಾಗಲೇ ಟ್ರೈಕೋಡರ್ಮಾ ಗೊಬ್ಬರ, ಮೇ ಕೊನೆಯೊಳಗೆ ಸೂರು. ಬೋರ್ಡೋ ಏನಿದ್ದರೂ ಅಂಗಳದಾಚೆ ನೆಲದಲ್ಲಿರುವ ಗಿಡಗಳಿಗೆ, ಮಳೆಗೆ ಮುಂಚೆ ಒಂದು ಸಲ. ಪರಂಗಿ ಮಾಲು, ಅದೇ ಗಾಂಧಾರಿ ಮೆಣಸು, ಕಾಫಿ ಗಿಡದ ಮರೆಯಲ್ಲಿ ಇದ್ಯಾವುದೂ ಇಲ್ಲದೆ ವರ್ಷಗಟ್ಟಲೆ ಕಾಯಿ ಬಿಡುತ್ತದೆ. ಜಾಗ ಇದ್ದವರು ಒಂದು ಗಿಡ ಇಟ್ಟುಕೊಳ್ಳಿ.

ಮೂರರಿಂದಲೂ ಆಗದ್ದು ಒಂದಿದೆ. ಎಲೆ ಹಸಿರಾಗಿರುವಾಗಲೇ ಗಿಡ ದಿಢೀರ್ ಸೊರಗಿದರೆ ಕಾಂಡ ಕತ್ತರಿಸಿ ತಿಳಿನೀರಿನ ಲೋಟದಲ್ಲಿ ನಿಲ್ಲಿಸಿ. ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಗಿಡವನ್ನು ಮಣ್ಣು ಸಮೇತ ತೆಗೆದುಹಾಕಿ. ಇಂಥದೇ ರೋಗಕ್ಕೆ ಶುಂಠಿ ಸೊರಗಿದ ಗದ್ದೆಯ ಮಣ್ಣನ್ನಂತೂ ಚೀಲಕ್ಕೆ ತುಂಬಲೇಬೇಡಿ.